ಮಣ್ಣಿನಡಿಯ ಲೆಕ್ಕ

ವೇದಿಕೆಯ ಮೇಲಿರುವ ಹಿರಿಯರಿಗೆ, ಹಾಸನದ ಮಾಜಿ ಸೈನಿಕ ಬಂಧುಗಳಿಗೆ, ಲೋಕೋಪಯೋಗಿ ಮತ್ತು ನೀರಾವರಿ ಇಲಾಖೆಗಳಲ್ಲಿ ದುಡಿದು ನಿವೃತ್ತರಾದ ಎಂಜಿನಿಯರುಗಳಿಗೆ, ನನ್ನ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ, ಎಲ್ಲರಿಗೂ ನಮಸ್ಕಾರ.

ನಮ್ಮ ತಾತ ತೀರಿಕೊಂಡು ಒಂದು ವರ್ಷವಾಯಿತು. ಅವರನ್ನು ಬಲ್ಲವರು ಇಲ್ಲಿ ಎರಡು ಗುಂಪಾಗಿ ಕೂತಿದ್ದೀರಿ. ಈ ಕಡೆಯವರಿಗೆ ಅವರು ಕ್ಯಾಪ್ಟನ್ ಸಾಹೇಬರು, ಆ ಕಡೆಯವರಿಗೆ ಇಇ ಸಾಹೇಬರು, ಅಂದರೆ ಎಕ್ಸಿಕ್ಯುಟಿವ್ ಎಂಜಿನಿಯರು. ಇವರಿಗೆ ಅವರು ನೆಲಬಾಂಬು ತೆಗೆದದ್ದು ಗೊತ್ತು, ಅವರಿಗೆ ನಾಲೆ ತೆಗೆಸಿದ್ದು ಗೊತ್ತು. ಸೈನ್ಯದ ಐದು ವರ್ಷವೇ ಬೇರೆ, ಇಲಾಖೆಯ ಇಪ್ಪತ್ತೆಂಟು ವರ್ಷವೇ ಬೇರೆ ಅಂತ ನಮ್ಮ ಮನೆಯವರೂ ಬಹಳ ಕಾಲ ಅಂದುಕೊಂಡಿದ್ದರು. ಅವರ ಕಾಗದಪತ್ರಗಳನ್ನು ಈ ಒಂದು ವರ್ಷ ಕೂತು ಜೋಡಿಸಿದ ಮೇಲೆ ನನಗೆ ಹಾಗನ್ನಿಸುತ್ತಿಲ್ಲ. ಅವರು ಆಯುಷ್ಯಪೂರ್ತಿ ಮಾಡಿದ್ದು ಒಂದೇ ಕೆಲಸ. ಮಣ್ಣಿನ ಕೆಳಗೆ, ಆಮೇಲೆ ನೀರಿನ ಕೆಳಗೆ ಹೋಗಿ ಯಾರ ಕಣ್ಣಿಗೂ ಕಾಣದಾದದ್ದರ ಲೆಕ್ಕವನ್ನು ಸುಳ್ಳಿಲ್ಲದೆ ಬರೆದಿಟ್ಟರು. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ತಾತ ಹುಟ್ಟಿದ್ದು 1938ರಲ್ಲಿ, ಹೇಮಾವತಿ ದಂಡೆಯ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಅಲ್ಲಿಂದಲೇ ಎದ್ದು ಬಂದವರೂ ಇಲ್ಲಿದ್ದೀರಿ. ರೈತರ ಮನೆ. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿ, ಬೆಂಗಳೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದರು. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಕಾಲೇಜು, ಈಗ ನಾವು ಯುವಿಸಿಇ ಅನ್ನುವುದು. ತಾತ ಅಲ್ಲಿ ಓದುವಾಗ ವಿಶ್ವೇಶ್ವರಯ್ಯನವರು ಇನ್ನೂ ಬದುಕಿದ್ದರು. 1961ರಲ್ಲಿ ಪಾಸಾಗಿ ಆಗಿನ ಮೈಸೂರು ರಾಜ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಮರುವರ್ಷ ಮದುವೆ. ಅದೇ ವರ್ಷ ಅಕ್ಟೋಬರಿನಲ್ಲಿ ಚೀನಾ ಯುದ್ಧ.

ಆ ಒಂದು ತಿಂಗಳು ಈ ದೇಶದ ಹುಡುಗರ ಮೇಲೆ ಏನು ಮಾಡಿತು ಅನ್ನುವುದನ್ನು ಇವತ್ತಿನ ಮಕ್ಕಳಿಗೆ ವಿವರಿಸುವುದು ಕಷ್ಟ. ಅಕ್ಟೋಬರ್ 20ಕ್ಕೆ ಶುರುವಾಗಿ ನವೆಂಬರ್ 21ಕ್ಕೆ ನಿಂತಿತು. ಅಷ್ಟರಲ್ಲಿ ಸೈನ್ಯಕ್ಕೆ ಅಧಿಕಾರಿಗಳ ಕೊರತೆ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಸರ್ಕಾರ ತುರ್ತು ಕಮಿಷನ್ ಅಂತ, ಅಧಿಕಾರಿಗಳನ್ನು ಬೇಗ ಸೇರಿಸಿಕೊಳ್ಳುವ ದಾರಿ ತೆರೆಯಿತು. ಡಾಕ್ಟರು, ಮೇಷ್ಟ್ರು, ವಕೀಲರು, ಎಂಜಿನಿಯರುಗಳು ಇದ್ದ ಕೆಲಸ ಬಿಟ್ಟು ಹೋದರು. ಅವರಿಗೆ ತರಬೇತಿ ಕೊಡುವುದಕ್ಕೆಂದೇ 1963ರಲ್ಲಿ ಮದ್ರಾಸಿನಲ್ಲಿ ಅಧಿಕಾರಿಗಳ ತರಬೇತಿ ಶಾಲೆ ಶುರುವಾಯಿತು. ತಾತ ಅಲ್ಲಿಗೆ ಹೋದರು. ನಮ್ಮ ಅಜ್ಜಿಗೆ ಆಗ ಹತ್ತೊಂಬತ್ತು ವರ್ಷ. "ಹೋಗಬೇಡಿ ಅಂತ ಹೇಳಲಿಲ್ವಾ ಅಜ್ಜಿ?" ಅಂತ ಕೇಳಿದ್ದೆ. "ಹೇಳಿದೆ. ಅವರು ಬೇಡ ಅಂದ್ರೆ ಕೇಳೋರಾ?" ಅಂದರು. ಅಷ್ಟೇ. ಈ ಸಭೆಯಲ್ಲಿ ಸೈನಿಕರ ಹೆಂಡತಿಯರು ಎಷ್ಟೋ ಜನ ಇದ್ದೀರಿ, ನಿಮಗೆ ಮಿಕ್ಕದ್ದನ್ನು ನಾನು ಹೇಳಬೇಕಾಗಿಲ್ಲ.

ತರಬೇತಿ ಮುಗಿದ ಮೇಲೆ ಸೆಕೆಂಡ್ ಲೆಫ್ಟಿನೆಂಟ್ ಆಗಿ ಮದ್ರಾಸ್ ಸ್ಯಾಪರ್ಸ್ ಸೇರಿದರು. ವಿದ್ಯಾರ್ಥಿಗಳಿಗೋಸ್ಕರ ಒಂದೆರಡು ಮಾತು ಹೇಳುತ್ತೇನೆ. ಸ್ಯಾಪರ್ ಅಂದರೆ ಸೈನ್ಯದ ಎಂಜಿನಿಯರ್ ದಳದ ಸಿಪಾಯಿ. ಸೈನ್ಯ ಮುಂದೆ ಹೋಗಬೇಕಾದರೆ ದಾರಿ ಮಾಡುವವನು, ಸೇತುವೆ ಹಾಕುವವನು, ಶತ್ರು ಹೂತಿಟ್ಟ ಮೈನುಗಳನ್ನು, ಅಂದರೆ ನೆಲಬಾಂಬುಗಳನ್ನು, ತೆಗೆಯುವವನು ಅವನೇ. ಸೈನ್ಯ ಹಿಂದೆ ಬರುವಾಗ ಕೊನೆಯಲ್ಲಿ ಉಳಿದು ಸೇತುವೆ ಒಡೆದು ಬರುವವನೂ ಅವನೇ. ಮದ್ರಾಸ್ ಸ್ಯಾಪರ್ಸ್ ಹುಟ್ಟಿದ್ದು 1780ರಲ್ಲಿ, ಪಯನೀರುಗಳ ಎರಡು ಕಂಪನಿಯಾಗಿ. ಆಗ ಅವರು ಕಾದಾಡಿದ್ದು ನಮ್ಮ ಹೈದರ್, ಟಿಪ್ಪು ಸೈನ್ಯದ ಮೇಲೆ. ಆ ದಳವನ್ನು ಕಟ್ಟಿದ ಮೂರ್‌ಹೌಸ್ ಅನ್ನುವ ಅಧಿಕಾರಿ 1791ರಲ್ಲಿ ಬೆಂಗಳೂರು ಪೇಟೆಯ ಮುತ್ತಿಗೆಯಲ್ಲೇ ಸತ್ತ. ಅದೇ ದಳದ ಮನೆ ಇವತ್ತು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿದೆ. ಮುಳ್ಳುತಂತಿಯ ಬೇಲಿ ಒಡೆಯುವುದಕ್ಕೆ ಕೊಳವೆಯೊಳಗೆ ಮದ್ದು ತುಂಬಿ ತಳ್ಳುವ ಸಾಧನವನ್ನು ಪ್ರಪಂಚದ ಸೈನ್ಯಗಳೆಲ್ಲ ಬೆಂಗಳೂರು ಟಾರ್ಪೆಡೊ ಅನ್ನುತ್ತವೆ. 1912ರಲ್ಲಿ ಅದನ್ನು ಮಾಡಿದ್ದು ಈ ದಳದ ಕ್ಯಾಪ್ಟನ್ ಮ್ಯಾಕ್ಲಿಂಟಾಕ್. ಇಲ್ಲಿನ ಜವಾನರನ್ನು ಪ್ರೀತಿಯಿಂದ ತಂಬಿ ಅನ್ನುತ್ತಾರೆ. ತಾತನ ಬಾಯಲ್ಲಿ ಕೊನೆಯವರೆಗೂ ಅವರು ತಂಬಿಗಳೇ.

ಹೊಸ ಅಧಿಕಾರಿಗಳಿಗೆ ಹಳಬರು ಹೇಳುತ್ತಿದ್ದ ಒಂದು ಪ್ರಸಂಗವನ್ನು ತಾತ ನಮಗೂ ಹೇಳುತ್ತಿದ್ದರು. 1944ರ ಫೆಬ್ರವರಿ 24, ಇಟಲಿಯ ಮಿನ್ಯಾನೊ. ಮದ್ರಾಸ್ ಸ್ಯಾಪರ್ಸಿನ ಸುಬೇದಾರ್ ಸುಬ್ರಮಣಿಯನ್ ಮೈನು ಪತ್ತೆ ಮಾಡುತ್ತಾ ತಮ್ಮವರ ಮುಂದೆ ಹೋಗುತ್ತಿದ್ದರು. ಹಿಂದೆ ಒಬ್ಬನ ಕಾಲಡಿ ಮೈನು ಸದ್ದು ಮಾಡಿತು. ಸಿಡಿಯುವುದಕ್ಕೆ ಕೆಲವೇ ಕ್ಷಣ. ಆ ಕ್ಷಣಗಳಲ್ಲಿ ಅವರು ನೆಲಕ್ಕೆ ಬಿದ್ದು ತಮ್ಮನ್ನು ಉಳಿಸಿಕೊಳ್ಳಬಹುದಿತ್ತು. ಮೈನಿನ ಮೇಲೆಯೇ ಬಿದ್ದರು. ಅವರು ಸತ್ತರು, ಉಳಿದವರು ಬದುಕಿದರು. ಮರಣೋತ್ತರವಾಗಿ ಬ್ರಿಟಿಷ್ ಸರ್ಕಾರದ ದೊಡ್ಡ ಪದಕ ಜಾರ್ಜ್ ಕ್ರಾಸ್ ಬಂತು. ಈ ಕಥೆ ಹೇಳುವಾಗ ತಾತ ಶೌರ್ಯ ಅನ್ನುವ ಪದ ಬಳಸುತ್ತಿರಲಿಲ್ಲ. "ಅವರ ಹಿಂದೆ ಬರ್ತಿದ್ದೋರು ಅವರ ಜವಾಬ್ದಾರಿ" ಅನ್ನುತ್ತಿದ್ದರು.

ಅವರ ಮೊದಲ ದೊಡ್ಡ ಪೋಸ್ಟಿಂಗು ನೇಫಾ, ಈಗಿನ ಅರುಣಾಚಲ ಪ್ರದೇಶ. ಭಾಲುಕ್‌ಪೊಂಗ್‌ನಿಂದ ಬೊಮ್ಡಿಲಾ, ಸೇಲಾ ಕಣಿವೆ ದಾಟಿ ತವಾಂಗಿಗೆ ಹೋಗುವ ರಸ್ತೆ. ಸೇಲಾ ಸುಮಾರು 13,700 ಅಡಿ ಎತ್ತರದಲ್ಲಿದೆ. ಹಾಸನದ ಹುಡುಗ ಹಿಮ ಕಂಡದ್ದು ಅಲ್ಲೇ. ಆ ದಾರಿಯ ಹಳ್ಳಕೊಳ್ಳಗಳ ಮೇಲೆ ಬೈಲಿ ಸೇತುವೆ ಕಟ್ಟುವುದು ಅವರ ಕೆಲಸ. ವಿದ್ಯಾರ್ಥಿಗಳು ಈ ಸೇತುವೆಯನ್ನು ಗಮನವಿಟ್ಟು ನೋಡಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಅನ್ನುವ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ್ದು. ಒಂದೊಂದು ಪ್ಯಾನೆಲ್ಲು 10 ಅಡಿ ಉದ್ದ, 5 ಅಡಿ ಎತ್ತರ, ಸುಮಾರು 260 ಕಿಲೋ ತೂಕ. ಆರು ಜನ ಸೇರಿ ಕೈಯಲ್ಲೇ ಎತ್ತಬಹುದು. ಕ್ರೇನು ಬೇಡ, ಬೆಸುಗೆ ಬೇಡ. ಪ್ಯಾನೆಲ್ಲಿಗೆ ಪ್ಯಾನೆಲ್ಲು ಪಿನ್ನು ಹಾಕಿ ಜೋಡಿಸುತ್ತಾ, ಮುಂದೆ ಹಗುರವಾದ ಮೂಗು ಕಟ್ಟಿ, ಉರುಳೆಗಳ ಮೇಲೆ ಇಡೀ ಸೇತುವೆಯನ್ನು ಈ ದಂಡೆಯಿಂದ ಆ ದಂಡೆಗೆ ತಳ್ಳಿಕೊಂಡು ಹೋಗುವುದು. ಮೂಗು ಆಚೆ ದಂಡೆ ಮುಟ್ಟುವವರೆಗೂ ಹಿಂದಿನ ಭಾರ ಮುಂದಿನ ಭಾರಕ್ಕಿಂತ ಹೆಚ್ಚಿರಬೇಕು. ಆ ಲೆಕ್ಕ ತಪ್ಪಿದರೆ ಸೇತುವೆಯ ಜತೆ ಜನರೂ ಹೊಳೆಗೆ ಬೀಳುತ್ತಾರೆ. ತಾತ ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣ ಜೋಡಿಸಿ ಇದನ್ನು ನನಗೆ ತೋರಿಸಿಕೊಟ್ಟರು. ನಾನು ಸಿವಿಲ್ ಓದಿದ್ದಕ್ಕೆ ಆ ಬೆಂಕಿಪೊಟ್ಟಣಗಳೇ ಕಾರಣ.

ಅಲ್ಲಿಂದ ಬರುತ್ತಿದ್ದ ಕಾಗದಗಳ ಮೇಲೆ 99 ಎಪಿಒ ಅಂತ ಸೈನ್ಯದ ಅಂಚೆ ಕಚೇರಿಯ ವಿಳಾಸ. ಎಲ್ಲಿದ್ದೀನಿ ಅಂತ ಬರೆಯುವ ಹಾಗಿಲ್ಲ. 1965ರಲ್ಲಿ ಒಂದು ದಿನ ಬಂದ ಕಾಗದದ ಮೇಲೆ 56 ಎಪಿಒ ಅಂತ ಇತ್ತು. ಅಜ್ಜಿ ಆ ನಂಬರು ನೋಡಿ ಪೂರ್ವದಿಂದ ಪಶ್ಚಿಮಕ್ಕೆ ಹೋಗಿದ್ದಾರೆ ಅಂತ ತಿಳಿದುಕೊಂಡರು. ಎರಡು ವಾರಕ್ಕೆ ಪಾಕಿಸ್ತಾನದ ಜತೆ ಯುದ್ಧ ಶುರುವಾಯಿತು.

1965ರ ಯುದ್ಧದ ಬಗ್ಗೆ ಬರೆಯುವವರು ಪಂಜಾಬಿನ ಖೇಮ್ ಕರಣ್, ಅಸಲ್ ಉತ್ತರ್ ಊರುಗಳ ಕಬ್ಬಿನ ಗದ್ದೆಗಳಲ್ಲಿ ಹೂತುಹೋದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳ ಬಗ್ಗೆ ಬರೆಯುತ್ತಾರೆ. ಬರೆಯಬೇಕಾದದ್ದೇ. ತಾತ ಅಮೃತಸರ ಜಿಲ್ಲೆಯ ಗಡಿಯಲ್ಲಿದ್ದರು, ಆ ದಿನಗಳಲ್ಲಿ ಅವರ ತುಕಡಿ ರಾತ್ರಿಯೆಲ್ಲ ಮೈನು ಹೂಳುತ್ತಿತ್ತು. ಆದರೆ ಅವರು ನಮಗೆ ಹೆಚ್ಚಾಗಿ ಹೇಳಿದ್ದು ಯುದ್ಧ ನಿಂತ ಮೇಲಿನದ್ದು. ಸೆಪ್ಟೆಂಬರ್ 23ಕ್ಕೆ ಕದನವಿರಾಮ. ಜನವರಿ 10ಕ್ಕೆ ತಾಷ್ಕೆಂಟ್ ಒಪ್ಪಂದ. ಫೆಬ್ರವರಿ ಕೊನೆಯ ಹೊತ್ತಿಗೆ ಎರಡೂ ಸೈನ್ಯಗಳು ತಮ್ಮ ತಮ್ಮ ಜಾಗಕ್ಕೆ ಹಿಂದಿರುಗಿದವು. ಪತ್ರಿಕೆಯವರಿಗೆ ಅಲ್ಲಿಗೆ ಯುದ್ಧ ಮುಗಿಯಿತು. ರೈತರು ಹೊಲಕ್ಕೆ ಬಂದರು. ಹೊಲದ ತುಂಬ ಮೈನು.

ಮೈನು ಹೂಳುವಾಗ ಒಂದು ದಾಖಲೆ ಬರೆಯಬೇಕು. ಎಂದೂ ಅಲುಗಾಡದ ಒಂದು ಗುರುತು ಹಿಡಿಯಬೇಕು, ಬಾವಿಯ ಕಟ್ಟೆಯೋ ಕಾಲುವೆಯ ಸೇತುವೆಯೋ ಮೈಲಿಗಲ್ಲೋ. ಅಲ್ಲಿಂದ ದಿಕ್ಸೂಚಿಯ ಕೋನ ಇಷ್ಟು, ದೂರ ಇಷ್ಟು, ಸಾಲು ಇಷ್ಟು, ಸಾಲಿಗೆ ಮೈನು ಇಷ್ಟು, ಯಾವ ಬಗೆಯದು, ಎಲ್ಲ ಬರೆದು ಸಹಿ ಹಾಕಿ ಮೇಲಕ್ಕೆ ಕಳಿಸಬೇಕು. ಗುಂಡು ಹಾರುತ್ತಿರುವಾಗ, ದೀಪವಿಲ್ಲದ ಕತ್ತಲೆಯಲ್ಲಿ ಇದನ್ನು ಬರೆಯಬೇಕು. ತೆಗೆಯುವಾಗ ಇದೇ ಕಾಗದ ಕೈಯಲ್ಲಿ ಹಿಡಿದು ಬಿಳಿ ಪಟ್ಟಿ ಎಳೆದುಕೊಂಡು, ನೆಲದ ಮೇಲೆ ಮಲಗಿ, ಚೂಪಾದ ಸಲಾಕೆಯಿಂದ ಓರೆಯಾಗಿ ಚುಚ್ಚುತ್ತಾ ಅಂಗುಲ ಅಂಗುಲ ಮುಂದೆ ಹೋಗಬೇಕು. ನೇರ ಚುಚ್ಚಿದರೆ ತಲೆಗೆ ತಗಲುತ್ತದೆ, ಸಿಡಿಯುತ್ತದೆ. ಓರೆಯಾಗಿ ಚುಚ್ಚಿದರೆ ಪಕ್ಕೆಗೆ ತಗಲುತ್ತದೆ. ಕೊನೆಗೆ ಹೂತದ್ದೆಷ್ಟೋ ತೆಗೆದದ್ದೂ ಅಷ್ಟೇ ಆಗಬೇಕು. ಒಂದು ಕಡಿಮೆ ಬಂದರೂ ಹೊಲ ರೈತನಿಗೆ ಕೊಡುವ ಹಾಗಿಲ್ಲ.

ಒಂದು ಹೊಲದಲ್ಲಿ ಒಂದು ಕಡಿಮೆ ಬಂತು. ಗೋಧಿ ಬಿತ್ತನೆ ಆಗಲೇ ತಪ್ಪಿತ್ತು, ಮುಂದಿನ ಬೆಳೆಗಾದರೂ ಉಳಬೇಕು ಅಂತ ಆ ಹೊಲದ ಸಿಖ್ ರೈತ ದಿನಾ ಬಂದು ದಾರಿಯಂಚಿನಲ್ಲಿ ಕೂರುತ್ತಿದ್ದ. ನಾಯಿಯೋ ದನವೋ ತುಳಿದು ಸಿಡಿದಿರಬಹುದು, ಬರೆದುಬಿಡಿ ಸಾರ್ ಅಂತ ಕೆಲವರು ಹೇಳಿದರು. ಹಾಗೆ ಆಗುವುದೂ ಉಂಟು. ಆದರೆ ಸಿಡಿದ ಗುಂಡಿ ಎಲ್ಲಿ? ತಾತ ಸಹಿ ಹಾಕಲಿಲ್ಲ. ಹಿಂದಿನ ಮಳೆಯಲ್ಲಿ ನೀರು ಹರಿದ ಜಾಡು ಹಿಡಿದು ಹುಡುಕಿಸಿದರು. ಸಾಲಿನಿಂದ ಬಹು ದೂರ, ನೀರುಗಾಲುವೆಯ ಬಾಯಲ್ಲಿ, ಹೂಳಿನೊಳಗೆ ಸಿಕ್ಕಿತು. ಆ ರೈತ ಬೈಯುತ್ತಿದ್ದವನು ಓಡಿ ಹೋಗಿ ಮನೆಯಿಂದ ಹಾಲು ತಂದ. ತಾತ ನಮ್ಮ ಮನೆಯಲ್ಲಿ ಬಾಯಿತುಂಬಾ ಹೇಳುತ್ತಿದ್ದ ಯುದ್ಧದ ಕಥೆ ಇದೊಂದೇ.

ಇನ್ನೊಂದನ್ನು ಅವರು ಬಹಳ ವರ್ಷ ಹೇಳಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಒಂದು ಸಾಯಂಕಾಲ ಹೇಳಿದರು. ಬೇರೆ ತುಕಡಿಯವರು ಹೂತಿದ್ದ ಒಂದು ಜಾಗ ಇವರ ಪಾಲಿಗೆ ಬಂತು. ದಾಖಲೆ ಇತ್ತು, ಸಹಿ ಇತ್ತು. ಆದರೆ ದೂರವನ್ನು ಟೇಪು ಹಿಡಿದು ಅಳೆದಿರಲಿಲ್ಲ, ಹೆಜ್ಜೆ ಎಣಿಸಿ ಅಂದಾಜಿಗೆ ಬರೆದಿದ್ದರು. ಕಾಗದದ ಪ್ರಕಾರ ಸಾಲು ಶುರುವಾಗುವುದು ಇನ್ನೂ ಮುಂದೆ. ನೆಲದಲ್ಲಿ ಅದು ಹಿಂದೆಯೇ ಇತ್ತು. ಪಟ್ಟಿ ಎಳೆಯುವುದಕ್ಕೆ ಮೊದಲು ಹೋದ, ನಾಯಕ ಹುದ್ದೆಯ ಒಬ್ಬ ಜವಾನನ ಪಾದ ಹೋಯಿತು. ಅವನು ಉತ್ತರ ಆರ್ಕಾಟಿನ ಹುಡುಗ, ತಾತನಿಗಿಂತ ಎರಡು ವರ್ಷ ಚಿಕ್ಕವನು. "ಬರೆದೋನಿಗೆ ಕೆಟ್ಟ ಮನಸ್ಸಿರಲಿಲ್ಲ ಮಗಳೇ. ಅವಸರ ಇತ್ತು. ಹತ್ತು ಹೆಜ್ಜೆ ಆಚೀಚೆ ಆದ್ರೆ ಏನು ಅಂದ್ಕೊಂಡ" ಅಂದರು. ಆಮೇಲೆ ಮಾತಾಡಲಿಲ್ಲ.

ತುರ್ತು ಕಮಿಷನ್ನಿನವರನ್ನು ಸೈನ್ಯ ಐದು ವರ್ಷಕ್ಕೆ ಬಿಡುಗಡೆ ಮಾಡುತ್ತಾ ಬಂತು. ತಾತ 1968ರಲ್ಲಿ ಕ್ಯಾಪ್ಟನ್ ಆಗಿ ಬಿಡುಗಡೆಯಾಗಿ ಇಲಾಖೆಗೆ ವಾಪಸ್ಸು ಬಂದರು. ರಸ್ತೆ, ಮೋರಿ, ಕೆರೆಯ ಏರಿ, ತೂಬು ರಿಪೇರಿ. ಆ ವರ್ಷಗಳನ್ನು ಬೇಗ ದಾಟುತ್ತೇನೆ, ಒಂದು ಪ್ರಸಂಗ ಬಿಟ್ಟು.

ಇಲಾಖೆಯಲ್ಲಿ ಎಂ.ಬಿ. ಅಂತ ಒಂದು ಪುಸ್ತಕ ಇರುತ್ತದೆ, ಅಳತೆ ಪುಸ್ತಕ. ಇಲ್ಲಿ ಕೂತಿರುವ ಹಿರಿಯ ಎಂಜಿನಿಯರುಗಳ ಕೈಯಲ್ಲಿ ಇಂಥ ನೂರಾರು ಪುಸ್ತಕ ಹಾದುಹೋಗಿವೆ. ಪುಟಗಳಿಗೆ ಅಚ್ಚಿನಲ್ಲೇ ನಂಬರು. ಒಂದು ಪುಟ ಹರಿಯುವ ಹಾಗಿಲ್ಲ. ಅಳಿಸುವ ಹಾಗಿಲ್ಲ, ತಪ್ಪಾದರೆ ಗೀಟು ಹೊಡೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಕೆಲಸ ನಡೆದ ಜಾಗದಲ್ಲೇ ನಿಂತು ಉದ್ದ, ಅಗಲ, ಆಳ ಬರೆಯಬೇಕು. ಗುತ್ತಿಗೆದಾರರ ಬಿಲ್ಲು ಆಗುವುದು ಈ ಪುಸ್ತಕದ ಮೇಲೆ. ಗೋಡೆಯ ಎತ್ತರ ಸುಳ್ಳು ಬರೆದರೆ ಯಾರಾದರೂ ಹೋಗಿ ನೋಡಬಹುದು. ಪಾಯದ ಆಳ ಸುಳ್ಳು ಬರೆದರೆ? ಮಣ್ಣು ಮುಚ್ಚಿದ ಮೇಲೆ ಅದನ್ನು ನೋಡುವವರು ಯಾರು? ಮೇಲಿನವರು ಬಂದು ಮರು ಅಳತೆ ಮಾಡುವ ಹೊತ್ತಿಗೆ ಪಾಯ ಮುಚ್ಚಿಹೋಗಿರುತ್ತದೆ. ಸುಳ್ಳು ಸೇರಿಕೊಳ್ಳುವುದು ಅಲ್ಲೇ.

1970ರ ದಶಕದ ಆರಂಭ. ಒಂದು ಹಳ್ಳಿ ರಸ್ತೆಯ ಮೋರಿ. ಎಂ.ಬಿ.ಯಲ್ಲಿ ಪಾಯದ ಆಳ ನಾಲ್ಕು ಅಡಿ ಅಂತಿತ್ತು, ಮಣ್ಣು ಮುಚ್ಚಿ ಮೇಲೆ ಸೈಜುಗಲ್ಲಿನ ಗೋಡೆಯೂ ಎದ್ದಿತ್ತು. ತಾತ ಮರು ಅಳತೆಗೆ ಹೋದರು. "ಪಾಯ ನಾನು ನೋಡಿಲ್ಲ. ಪಕ್ಕದಲ್ಲಿ ಒಂದು ಗುಂಡಿ ತೋಡಿ, ನೋಡ್ತೀನಿ" ಅಂದರು. ಗುತ್ತಿಗೆದಾರನಿಗೆ ಅವಮಾನವಾಯಿತು. ಓವರ್‌ಸಿಯರ್ ಬೇಡಿಕೊಂಡ. ಗುಂಡಿ ತೋಡಿಸಿದಾಗ ಕಂಡದ್ದು ಎರಡೂವರೆ ಅಡಿ. ಅಷ್ಟನ್ನೇ ಬರೆದು, ನಾಲ್ಕಕ್ಕೆ ಗೀಟು ಹೊಡೆದು, ಸಹಿ ಹಾಕಿದರು. ಗೋಡೆ ಬಿಚ್ಚಿಸಿ ಪಾಯ ಮತ್ತೆ ಹಾಕಿಸಿದರು. ಮೂರು ತಿಂಗಳೊಳಗೆ ಅವರಿಗೆ ವರ್ಗವಾಯಿತು. ಅಜ್ಜಿ ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಸಾಮಾನು ಕಟ್ಟಿದರು. "ಒಂದೂವರೆ ಅಡಿಗೆ ಇಷ್ಟೆಲ್ಲ ಬೇಕಿತ್ತಾ?" ಅಂತ ತಾತನ ಅಣ್ಣ ಕೇಳಿದರಂತೆ. ತಾತ ಹೇಳಿದ ಮಾತನ್ನು ಅಜ್ಜಿ ನನಗೆ ಹಾಗೇ ಒಪ್ಪಿಸಿದ್ದಾರೆ: "ಮಣ್ಣಿನಡಿ ಒಂದು ಅಂಕಿ ತಪ್ಪು ಬರೆದ್ರೆ ಏನಾಗುತ್ತೆ ಅಂತ ನಾನು ನೋಡಿದ್ದೀನಣ್ಣ. ನೀನು ನೋಡಿಲ್ಲ."

ಅವರ ಅಣ್ಣನಿಗೆ ಆಗ ಅದು ಅರ್ಥವಾಗಿರಲಿಕ್ಕಿಲ್ಲ. ನನಗೆ ಅರ್ಥವಾದದ್ದು ಆ ನಾಯಕನ ವಿಷಯ ಕೇಳಿದ ಮೇಲೆ. ಮೋರಿ ಕುಸಿದು ಬಸ್ಸು ಉರುಳಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾವೆಲ್ಲ ಮಳೆಯನ್ನು ಬೈಯುತ್ತೇವೆ. ನನ್ನ ವಿದ್ಯಾರ್ಥಿಗಳೇ, ಮಳೆ ಪ್ರತಿ ವರ್ಷವೂ ಬರುತ್ತದೆ. ಎಂ.ಬಿ.ಯ ಆ ಪುಟ ತೆಗೆದು ನೋಡಬೇಕು ಅಂತ ನಮಗೆ ಅನ್ನಿಸಬೇಕು.

ಈಗ ಹೇಮಾವತಿಯ ಮಾತು. ಇದನ್ನು ಆಡುವುದಕ್ಕೇ ನಾನು ಬಂದದ್ದು.

ಗೊರೂರಿನಲ್ಲಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳಿಗೆ ಅದರ ನೀರು ಹೋಗುತ್ತದೆ. ತಾತ ಆ ಯೋಜನೆಯ ನಾಲೆಗಳಲ್ಲಿ ಕೆಲಸ ಮಾಡಿದರು. ಅದೇ ಅಣೆಕಟ್ಟಿನ ಹಿನ್ನೀರಿನಲ್ಲಿ ಅವರು ಹುಟ್ಟಿದ ಊರು ಮುಳುಗಿತು. ಅವರ ತಂದೆ ಕಟ್ಟಿದ ಮನೆ, ಮನೆ ಹಿಂದಿನ ಹಲಸಿನ ಮರಗಳು, ಕಣ, ಎಲ್ಲವೂ. ಮುಳುಗಿದವರ ಪಟ್ಟಿಯಲ್ಲೂ ಅವರ ಹೆಸರಿತ್ತು, ಮುಳುಗಿಸಿದವರ ಪಟ್ಟಿಯಲ್ಲೂ ಇತ್ತು. ಊರಿನ ಕೆಲವರು ಅವರ ಜತೆ ಮಾತು ಬಿಟ್ಟರು. ಮದುವೆಗೆ ಕರೆಯಲಿಲ್ಲ. "ನಮ್ಮ ಹುಡುಗನೇ ನಮ್ಮ ಮೇಲೆ ನೀರು ಬಿಟ್ಟ" ಅಂತ ಒಬ್ಬ ಅಜ್ಜಿ ಸಂತೆಯಲ್ಲಿ ಎಲ್ಲರ ಮುಂದೆ ಅಂದದ್ದನ್ನು ತಾತ ಮರೆಯಲಿಲ್ಲ. ಅದು ಸುಳ್ಳು ಅಂತಲೂ ಹೇಳಲಿಲ್ಲ. ಚನ್ನರಾಯಪಟ್ಟಣದ ಕಡೆ ನಾಲೆ ನೀರು ಬಂದು ಬರಡು ಹೊಲ ಹಸಿರಾದದ್ದನ್ನು ನೋಡಿ ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಊರು ಹೋದದ್ದಕ್ಕೆ ನಿಜವಾಗಿಯೂ ದುಃಖವಾಗಿತ್ತು. ಎರಡರಲ್ಲಿ ಒಂದನ್ನು ದೊಡ್ಡದು ಮಾಡಿ ಇನ್ನೊಂದನ್ನು ಮರೆಮಾಡುವ ಮನುಷ್ಯರಾಗಿರಲಿಲ್ಲ ಅವರು.

ಭೂಸ್ವಾಧೀನದ ಕಾಗದಗಳಲ್ಲಿ ಊರಿನ ಲೆಕ್ಕ ಇದೆ. ಸರ್ವೆ ನಂಬರು, ಮನೆಯ ಚದರ, ಮರಗಳ ಸಂಖ್ಯೆ, ಪರಿಹಾರದ ಮೊತ್ತ. ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿಗೆ ಪರಿಹಾರವಿಲ್ಲ, ಹಾಗಾಗಿ ಅದು ಪಟ್ಟಿಯಲ್ಲಿಲ್ಲ. ಅರಳಿಕಟ್ಟೆ, ದನ ನೀರಿಗಿಳಿಯುವ ದಾರಿ, ಎಲ್ಲರೂ ಸೀಗೆ ಕೀಳುತ್ತಿದ್ದ ಪೊದೆ, ಯಾವುದೂ ಇಲ್ಲ. 1996ರಲ್ಲಿ ನಿವೃತ್ತರಾದ ಮೇಲೆ ತಾತ ಡ್ರಾಯಿಂಗ್ ಹಾಳೆ ತಂದು ಮೇಜಿನ ಮೇಲೆ ಹಾಸಿದರು. ಊರಿನ ನಕ್ಷೆ ಬರೆಯಲು ಶುರುಮಾಡಿದರು.

ನೆನಪಿನಿಂದ ಬರೆದದ್ದು ಅಂತ ಜನ ಹೇಳುತ್ತಾರೆ. ಸರಿಯಲ್ಲ. ನೆನಪಿನಿಂದ ಬರೆದ ಭಾಗವೆಲ್ಲ ಪೆನ್ಸಿಲಿನಲ್ಲಿತ್ತು. ಪುನರ್ವಸತಿ ಊರುಗಳಿಗೆ ಹೋಗಿ, ಮಾತು ಬಿಟ್ಟವರ ಮನೆ ಬಾಗಿಲಿಗೂ ಹೋಗಿ, ನಿಮ್ಮ ಮನೆ ಬಾಗಿಲು ಯಾವ ದಿಕ್ಕಿಗಿತ್ತು, ಪಕ್ಕದವರು ಯಾರು, ಬಾವಿಗೂ ನಿಮ್ಮ ಜಗುಲಿಗೂ ಎಷ್ಟು ದೂರ ಅಂತ ಕೇಳಿದರು. ಮೊದಮೊದಲು ಕೆಲವರು ಒಳಗೆ ಕರೆಯಲಿಲ್ಲ. ಆಮೇಲೆ ಅವರೇ ಹಾಳೆಯ ಮೇಲೆ ಬೆರಳಿಟ್ಟು ಜಗಳವಾಡಿದರು, ಇಲ್ಲಿರಲಿಲ್ಲ ನಮ್ಮ ಕೊಟ್ಟಿಗೆ, ಇಲ್ಲಿತ್ತು ಅಂತ. ಇಬ್ಬರು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರೆ ಆ ಗೆರೆಗೆ ಇಂಕು. ಬೇಸಗೆಯಲ್ಲಿ ನೀರು ಇಳಿದು ಹಳೆಯ ಪಾಯಗಳು ಮೇಲೆ ಕಂಡಾಗ ಟೇಪು ಹಿಡಿದು ಹೋಗಿ ಅಳೆದರು. ಕೆಲವು ವರ್ಷ ಟೇಪಿನ ಇನ್ನೊಂದು ತುದಿ ಹಿಡಿದವಳು ನಾನು. ಬಿರುಕು ಬಿಟ್ಟ ಕೆಸರಿನ ಮೇಲೆ ನಡೆಯುತ್ತಾ, ಇದು ನಡುಮನೆ, ಇದು ಅಡುಗೆಮನೆ, ಇಲ್ಲಿ ಒಲೆ ಅಂತ ಹೇಳುವರು. ಟೇಪು ಸಡಿಲ ಬಿಟ್ಟರೆ ಗದರುವರು.

ಬೆಳಿಗ್ಗೆ ಪತ್ರಿಕೆ ಬಂದ ತಕ್ಷಣ ಅವರು ಮೊದಲು ನೋಡುತ್ತಿದ್ದದ್ದು ಜಲಾಶಯಗಳ ಮಟ್ಟ. ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ ಅಂತ ನಿಮಗೆಲ್ಲ ಗೊತ್ತು. ಯಾವ ಮಟ್ಟಕ್ಕೆ ಯಾರ ಮನೆಯ ಮೆಟ್ಟಿಲು ಮುಳುಗುತ್ತದೆ ಅಂತ ಅವರಿಗೆ ಗೊತ್ತಿತ್ತು. "ಇವತ್ತು ಗೌಡರ ಜಗುಲಿ ಮುಳುಗಿತು" ಅನ್ನುವರು, ಕಾಫಿ ಕುಡಿಯುತ್ತಾ. ಒಳ್ಳೆ ಮಳೆಯಾದ ವರ್ಷ ನಾಲೆಗೆ ನೀರು ಬರುತ್ತದೆ ಅಂತ ಅದೇ ಬಾಯಲ್ಲಿ ಸಂತೋಷಪಡುವರು.

ಇದೇ ಹಿನ್ನೀರಿನ ಶೆಟ್ಟಿಹಳ್ಳಿಯ ಮುಳುಗಿದ ಚರ್ಚನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ್ದು, ನೀರಿನಲ್ಲಿ ನಿಂತ ಕಮಾನುಗಳು ನಿಜಕ್ಕೂ ಚೆಂದ. ಆ ಚರ್ಚು ಗಾರೆ ಹಾಕಿ ಕಟ್ಟಿದ್ದು, ನಿಂತಿದೆ. ಸುತ್ತಲಿನ ಹಳ್ಳಿಗಳ ಮಣ್ಣಿನ ಗೋಡೆಗಳು ಮೊದಲ ವರ್ಷವೇ ಕರಗಿದವು. ನಿಂತದ್ದನ್ನು ಮಾತ್ರ ನೆನಪಿಟ್ಟರೆ ಬಡವರ ಮನೆಗಳೆಲ್ಲ ಲೆಕ್ಕದಿಂದ ಹೋಗುತ್ತವೆ. ಇದು ಹೇಮಾವತಿಯೊಂದರ ಮಾತಲ್ಲ. ಲಿಂಗನಮಕ್ಕಿಯಲ್ಲಿ ಶರಾವತಿ ಕಣಿವೆಯ ಊರುಗಳು, ಕಾಳಿ ನದಿಯ ಸೂಪಾ, ಆಲಮಟ್ಟಿಯ ಹಿನ್ನೀರಿಗೆ ಹೋದ ಹಳೆಯ ಬಾಗಲಕೋಟೆಯ ಬೀದಿಗಳು. ನಮಗೆ ಬೆಳಕು ಕೊಟ್ಟ, ಅನ್ನ ಕೊಟ್ಟ ಊರುಗಳು ಇವು. ಎಷ್ಟೋ ಅಣೆಕಟ್ಟುಗಳ ಬಳಿ ಉದ್ಯಾನ ಮಾಡಿದ್ದೇವೆ, ಕಾರಂಜಿ ಹಾಕಿದ್ದೇವೆ. ಮುಳುಗಿದ ಊರುಗಳ ಮನೆಮನೆಯ ನಕ್ಷೆಯೂ ಅಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇರಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಅದನ್ನು ಬರೆಯಲು ಬೇಕಾದ ಅಜ್ಜ ಅಜ್ಜಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸಿವಿಲ್ ಓದುವ ಮಕ್ಕಳಿಗೆ ಸರ್ವೆ ಪಾಠಕ್ಕೆ ಕಾಲೇಜಿನ ಮೈದಾನ ಅಳೆಯಿಸುತ್ತೇವೆ. ಬೇಸಗೆಯಲ್ಲಿ ಹಿನ್ನೀರಿಗೆ ಕರೆದುಕೊಂಡು ಹೋಗೋಣ. ಮುಂದಿನ ಏಪ್ರಿಲ್ಲಿನಲ್ಲಿ ನಾನಂತೂ ಕರೆದುಕೊಂಡು ಹೋಗುತ್ತೇನೆ, ಪ್ರಿನ್ಸಿಪಾಲರ ಒಪ್ಪಿಗೆ ಸಿಕ್ಕಿದೆ.

ತಾತ ಸಿಟ್ಟಿನ ಮನುಷ್ಯರೂ ಹೌದು. ಬೆಳಿಗ್ಗೆ ಐದಕ್ಕೆ ಏಳದ ಮೊಮ್ಮಕ್ಕಳ ಹೊದಿಕೆ ಎಳೆಯುತ್ತಿದ್ದರು. ಕೇರಂ ಆಟದಲ್ಲಿ ಮಕ್ಕಳಿಗೂ ಸೋಲು ಬಿಟ್ಟುಕೊಡುತ್ತಿರಲಿಲ್ಲ. ಅಜ್ಜಿಗೆ ಕಣ್ಣು ಮಂದವಾದ ಮೇಲೆ ಪ್ರತಿ ಸಂಜೆ ಅವರಿಗೆ ಪತ್ರಿಕೆ ಓದಿ ಹೇಳುತ್ತಿದ್ದರು, ಜಾಹೀರಾತೂ ಬಿಡದೆ. ಆ ನಾಯಕನಿಗೆ ಪ್ರತಿ ಪೊಂಗಲ್‌ಗೆ ಕಾಗದ ಬರೆಯುತ್ತಿದ್ದರು, ತಮಿಳು ಅಕ್ಷರ ಕಲಿತು ತಮಿಳಿನಲ್ಲೇ. ಅಲ್ಲಿಂದ ಬಂದ ಉತ್ತರಗಳು ಒಂದು ಕಟ್ಟು ಇವೆ, ಕೊನೆಯವು ಅವರ ಮಗನ ಕೈಬರಹದವು. ತಾತ ತೀರಿಕೊಂಡ ಸುದ್ದಿ ತಿಳಿಸಿದಾಗ ಆ ಮಗ ವೇಲೂರಿನಿಂದ ಬಸ್ಸು ಹತ್ತಿ ಬಂದು ಹದಿಮೂರು ದಿನವೂ ನಮ್ಮ ಮನೆಯಲ್ಲಿದ್ದರು. ಈಗಲೂ ಬಂದಿದ್ದಾರೆ, ಮೂರನೇ ಸಾಲಿನಲ್ಲಿ ಕೂತಿದ್ದಾರೆ. ವಣಕ್ಕಂ ಅಣ್ಣ.

ನಕ್ಷೆಯನ್ನು ಹೊರಗಿನ ವರಾಂಡದಲ್ಲಿ ಹಾಕಿದ್ದೇವೆ. ಅದರ ಮೂಲೆಯಲ್ಲಿ ಅಳತೆಯ ಪ್ರಮಾಣ ಇದೆ, ಉತ್ತರ ದಿಕ್ಕಿನ ಬಾಣ ಇದೆ, ಕೆಳಗೆ ಸೈನ್ಯದ ದಾಖಲೆಯ ರೀತಿಯಲ್ಲೇ ಒಂದು ಸ್ಥಿರ ಗುರುತು ಕೊಟ್ಟಿದ್ದಾರೆ: ಊರ ಹೊರಗಿನ ದಿಬ್ಬದ ಬಂಡೆ, ಅದು ಮುಳುಗುವುದಿಲ್ಲ. ಎಲ್ಲ ಮನೆಗಳ ಮೇಲೂ ಮನೆಯವರ ಹೆಸರಿದೆ, ಕೆಳಗೇರಿಯ ಮೂರು ಮನೆ ಬಿಟ್ಟು. ಆ ಮೂರರ ಪಾಯ ಅಳೆದು ಗೆರೆ ಎಳೆದಿದ್ದಾರೆ, ಒಳಗೆ "ತಿಳಿಯದು" ಅಂತ ಬರೆದಿದ್ದಾರೆ. ಅಲ್ಲಿದ್ದವರು ಊರು ಮುಳುಗುವ ಮುಂಚೆಯೇ ಕೂಲಿ ಹುಡುಕಿಕೊಂಡು ಕಾಫಿ ತೋಟಗಳ ಕಡೆಗೆ ಹೋದರಂತೆ. ಸಕಲೇಶಪುರದ ಕಡೆಯಿಂದ ಬಂದ ಹಿರಿಯರು ಇಲ್ಲಿ ಯಾರಾದರೂ ಇದ್ದರೆ, ಅಥವಾ ನಿಮ್ಮ ತಂದೆ ತಾಯಿ ಈ ಊರಿನ ಮಾತಾಡಿದ್ದು ನಿಮಗೆ ನೆನಪಿದ್ದರೆ, ಊಟಕ್ಕೆ ಕೂರುವ ಮೊದಲು ದಯವಿಟ್ಟು ಆ ನಕ್ಷೆಯ ಹತ್ತಿರ ಬನ್ನಿ. ನಾನು ಅಲ್ಲೇ ಇರುತ್ತೇನೆ. ಹೆಸರು ಒಬ್ಬರು ಹೇಳಿದರೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ, ಇನ್ನೊಬ್ಬರು ಹೇಳಿದ ಮೇಲೆ ಇಂಕಿನಲ್ಲಿ ಬರೆಯುತ್ತೇನೆ.

ಎಲ್ಲರಿಗೂ ನಮಸ್ಕಾರ.